ಜಾವಾ ಮೋಟಾರು ಸೈಕಲ್ಲಿನ ಜನಕ

ಅಜ್ಜಂಪುರ ಸೀಮೆಯ ಅಂತರಘಟ್ಟೆಯಲ್ಲಿ ದುರ್ಗಾಂಬಾ ದೇವಿಯ ಜಾತ್ರೆ ನಡೆಯುವಾಗ ಸುತ್ತಣ ಊರುಗಳ ಎತ್ತಿನ ಗಾಡಿಗಳು ಧೂಳೆಬ್ಬಿಸುತ್ತ ಓಡಿಬರುತ್ತವೆ. ಇಂದು ಆ ದಾರಿಯಲ್ಲಿ ಮೋಟಾರು ಸೈಕಲ್ಲುಗಳೂ ಕಾಣಸಿಗುತ್ತವೆ. ಅವೆಲ್ಲವೂ ಒಂದೇ ಬಗೆಯವಲ್ಲ. ಹೆದ್ದಾರಿಯ ದೂರ ಪ್ರಯಾಣಕ್ಕೆ ಭಾರವಾದ ವಾಹನವು ಒಗ್ಗುತ್ತದೆ. ಹೊಲದ ಹಾದಿಗೂ ಸಂತೆಯ ಓಡಾಟಕ್ಕೂ ಹಗುರವಾದುದೇ ಲೇಸು. ಈ ಭೇದವನ್ನು ದೊಡ್ಡ ನಷ್ಟವನ್ನುಂಡು ಕಲಿತವನೊಬ್ಬನ ವಾಹನವು ಒಂದು ಕಾಲಕ್ಕೆ ಕರ್ನಾಟಕದ ಹಳ್ಳಿಹಳ್ಳಿಗೂ ಪರಿಚಿತವಾಗಿತ್ತು. ಆತನೇ ಜಾವಾದ ಸ್ಥಾಪಕ ಫ್ರಾಂಟಿಶೆಕ್ ಯಾನೆಚೆಕ್.

ಯಾನೆಚೆಕ್ 1878ರ ಜನವರಿ 23ರಂದು ಬೊಹೀಮಿಯದ ಒಂದು ಹಳ್ಳಿಯಲ್ಲಿ ಜನಿಸಿದನು. ಆ ನಾಡು ಆಗ ಆಸ್ಟ್ರಿಯ-ಹಂಗೇರಿ ಸಾಮ್ರಾಜ್ಯದ ಅಧೀನದಲ್ಲಿತ್ತು. ಪ್ರಾಗ್ ಮತ್ತು ಬರ್ಲಿನ್ ನಗರಗಳಲ್ಲಿ ಯಂತ್ರಶಾಸ್ತ್ರವನ್ನು ಅಭ್ಯಸಿಸಿದ ಆತನು ಅನೇಕ ಹೊಸ ಉಪಕರಣಗಳಿಗೆ ಸ್ವಾಮ್ಯಪತ್ರಗಳನ್ನು ಪಡೆದನು. ಮೊದಲನೆಯ ಮಹಾಯುದ್ಧದ ತರುವಾಯ 1918ರಲ್ಲಿ ಜೆಕೊಸ್ಲೊವಾಕಿಯ ಸ್ವತಂತ್ರವಾಯಿತು. ಯಾನೆಚೆಕ್ ರೂಪಿಸಿದ ಕೈಬಾಂಬನ್ನು ಹೊಸ ದೇಶದ ಸೈನ್ಯವು ಸ್ವೀಕರಿಸಿತು. ಅವನ ಕಾರ್ಖಾನೆಗೆ ಕೈತುಂಬ ಕೆಲಸ ದೊರೆಯಿತು. ಆದರೆ ಶಾಂತಿಕಾಲದಲ್ಲಿ ಆಯುಧಗಳಿಗೆ ಬೇಡಿಕೆ ಎಷ್ಟು ದಿನ ಇದ್ದೀತು? ಕಾರ್ಖಾನೆಯನ್ನೂ ಅದನ್ನು ನಂಬಿದ ಕೆಲಸಗಾರರನ್ನೂ ಉಳಿಸಿಕೊಳ್ಳಬೇಕಾದರೆ ಬೇರೊಂದು ವಸ್ತುವನ್ನು ತಯಾರಿಸಲೇಬೇಕಾಯಿತು.

ಯಾನೆಚೆಕ್ ಮೋಟಾರು ಸೈಕಲ್ಲನ್ನು ಆರಿಸಿಕೊಂಡನು. 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ 500 ಸಿ.ಸಿ. ವಾಹನವೊಂದರ ತಯಾರಿಕೆಯ ಹಕ್ಕನ್ನು ಕೊಂಡನು. ತನ್ನ ಹೆಸರಿನ ಮೊದಲ ಅಕ್ಷರಗಳನ್ನು ವಾಂಡರರ್‌ನ ಮೊದಲ ಅಕ್ಷರಗಳೊಡನೆ ಕೂಡಿಸಿ ಅದಕ್ಕೆ ಹೆಸರಿಟ್ಟನು. ಚೆಕ್ಕರು ಅದನ್ನು ಯಾವಾ ಎನ್ನುತ್ತಾರೆ. ನಮ್ಮಲ್ಲಿ ಅದು ಜಾವಾ ಆಯಿತು. ವಾಹನವೇನೋ ಬಲಶಾಲಿಯಾಗಿತ್ತು, 18 ಅಶ್ವಶಕ್ತಿಯ ಅದರ ಹಿಂದಿನ ಗಾಲಿಯನ್ನು ಸರಪಳಿಯ ಬದಲು ಉಕ್ಕಿನ ದಂಡವೊಂದು ತಿರುಗಿಸುತ್ತಿತ್ತು. ಆದರೆ ಅದರ ಬೆಲೆ ಬಹಳ, ದೋಷಗಳೂ ಕೆಲವು. ಅದೇ ವರ್ಷ ಜಗತ್ತನ್ನು ಆರ್ಥಿಕ ಮುಗ್ಗಟ್ಟು ಆವರಿಸಿತು. ಜನರಿಗೆ ಅನ್ನವೇ ದುರ್ಲಭವಾದಾಗ ಅಂತಹ ವೈಭವದ ವಾಹನವನ್ನು ಕೊಳ್ಳುವವರಾರು?

ಯಾನೆಚೆಕ್ ಹಟ ಹಿಡಿಯಲಿಲ್ಲ. ಇದೇ ಅವನ ದೊಡ್ಡ ಗುಣವೆನ್ನಬೇಕು. ಇಂಗ್ಲೆಂಡಿನಿಂದ ಜಾರ್ಜ್ ವಿಲಿಯಂ ಪ್ಯಾಚೆಟ್ ಎಂಬ ನಿಪುಣನನ್ನು ಕರೆಸಿದ್ದನು. ಪ್ಯಾಚೆಟ್ ಪಂದ್ಯದ ವಾಹನಗಳ ರಚನೆಯಲ್ಲಿ ಹೆಸರಾಗಿದ್ದವನು. ಆದರೆ ಕಾರ್ಖಾನೆಯನ್ನು ಕಾಪಾಡಿದುದು ಪಂದ್ಯದ ವಾಹನವಲ್ಲ. 1932ರಲ್ಲಿ ಹೊರಬಂದ 175 ಸಿ.ಸಿ.ಯ ಪುಟ್ಟ ಜಾವಾ. ಇಂಗ್ಲೆಂಡಿನ ವಿಲಿಯರ್ಸ್ ಎಂಜಿನ್ನನ್ನು ಇದಕ್ಕೆ ಅಳವಡಿಸಲಾಗಿತ್ತು. ಮೊದಲಿನ ವಾಹನದ ಎಂಜಿನ್ನಿನಲ್ಲಿ ಕೊಂತವು ನಾಲ್ಕು ಬಾರಿ ಚಲಿಸಿದಾಗ ಒಮ್ಮೆ ಶಕ್ತಿ ಉತ್ಪನ್ನವಾಗುತ್ತಿತ್ತು. ಇದರಲ್ಲಿ ಎರಡು ಚಲನೆಗಳಿಗೇ ಒಮ್ಮೆ. ಬಿಡಿಭಾಗಗಳು ಕಡಮೆ, ಆದುದರಿಂದ ಬೆಲೆಯೂ ಕಡಮೆ, ದುರಸ್ತಿಯೂ ಸುಲಭ. ಸಾಮಾನ್ಯ ಕೆಲಸಗಾರನೂ ಅದನ್ನು ಕೊಳ್ಳಬಹುದಾಯಿತು. ಈ ಮಾದರಿಯ 27,000ಕ್ಕೂ ಹೆಚ್ಚು ವಾಹನಗಳು ತಯಾರಾದುವು.

1939ರ ಮಾರ್ಚಿಯಲ್ಲಿ ಹಿಟ್ಲರನ ಸೈನ್ಯವು ಪ್ರಾಗ್ ನಗರವನ್ನು ಆಕ್ರಮಿಸಿತು. ಕಾರ್ಖಾನೆಯು ಜರ್ಮನರ ಯುದ್ಧಕಾರ್ಯಕ್ಕೆ ದುಡಿಯಬೇಕಾಯಿತು. ಯಾನೆಚೆಕ್ 1941ರ ಜೂನ್ 4ರಂದು, ತನ್ನ ದೇಶದ ಬಿಡುಗಡೆಯನ್ನು ಕಾಣದೆಯೇ ಮರಣ ಹೊಂದಿದನು. ಆದರೂ ಅವನ ತಂತ್ರಜ್ಞರು ಜರ್ಮನರ ಕಣ್ಣು ತಪ್ಪಿಸಿ 250 ಸಿ.ಸಿ.ಯ ಹೊಸ ವಾಹನವೊಂದನ್ನು ಸಿದ್ಧಗೊಳಿಸುತ್ತಿದ್ದರು. ಸಿಕ್ಕಿಬಿದ್ದಿದ್ದರೆ ಅವರ ಗತಿಯೇನಾಗುತ್ತಿತ್ತೆಂಬುದನ್ನು ಹೇಳಬೇಕಾಗಿಲ್ಲ. ಪೇರಾಕ್ ಎಂಬ ಆ ವಾಹನವು 1946ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಚಿನ್ನದ ಪದಕವನ್ನು ಗಳಿಸಿತು. ಅಷ್ಟರಲ್ಲಿ ಯುದ್ಧವು ಮುಗಿದು, ಕಾರ್ಖಾನೆಯು ಯಾನೆಚೆಕ್ ಮನೆತನದ ಕೈಬಿಟ್ಟು ಸರಕಾರದ ಸ್ವತ್ತಾಗಿತ್ತು.

ಪೇರಾಕ್ ವಂಶದ 250 ಸಿ.ಸಿ. ಜಾವಾ 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಮುಂದೆ ಅಲ್ಲಿಯೇ ಯೆಜ್ಡಿ ಎಂಬ ಹೆಸರನ್ನು ಪಡೆಯಿತು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸಬೇಕಾದ ಈ ವಾಹನದಲ್ಲಿ ಒಂದು ಸೋಜಿಗವಿತ್ತು. ಎಂಜಿನ್ನನ್ನು ಒದ್ದು ಚಾಲೂ ಮಾಡುವ ಸನ್ನೆಯೇ ಮುಂದಕ್ಕೆ ಮಗುಚಿದಾಗ ಗೇರು ಬದಲಿಸುವ ಸನ್ನೆಯಾಗುತ್ತಿತ್ತು. ಮೈಸೂರಿನ ಕಾರ್ಖಾನೆಯು 1996ರಲ್ಲಿ ಮುಚ್ಚಿತು. ಆದರೆ ಹಳೆಯ ಜಾವಾ, ಯೆಜ್ಡಿಗಳನ್ನು ಜತನದಿಂದ ಕಾಪಾಡಿಕೊಂಡವರು ಇಂದಿಗೂ ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಒಂದೆಡೆ ಕಲೆತು, ಆ ವಾಹನಗಳನ್ನು ಸಾಲಾಗಿ ಓಡಿಸುತ್ತಾರೆ.