ಕುಷ್ಠರೋಗಿಯಾದ ಅರಸನು ಬಾಲ್ಡ್ವಿನ್

ಪಶ್ಚಿಮ ದೇಶದ ಕ್ರೈಸ್ತರು ಯೆರೂಸಲೇಮಿನಲ್ಲಿ ರಾಜ್ಯವಾಳುತ್ತಿದ್ದ ಕಾಲದಲ್ಲಿ, ಕ್ರಿ. ಶ. 1161ರಲ್ಲಿ, ಅಮಾಲ್ರಿಕನೆಂಬ ರಾಜಪುತ್ರನಿಗೆ ಬಾಲ್ಡ್ವಿನನೆಂಬ ಮಗನು ಹುಟ್ಟಿದನು. ಅಮಾಲ್ರಿಕನು ಅರಸನಾದ ಮೇಲೆ, ಒಂಬತ್ತು ವರುಷದ ಮಗನನ್ನು ವಿದ್ಯಾಭ್ಯಾಸಕ್ಕಾಗಿ ವಿಲಿಯಮನೆಂಬ ಪಂಡಿತನಿಗೆ ಒಪ್ಪಿಸಿದನು. ಈತನು ತರುವಾಯ ತೂರ್ ಪಟ್ಟಣದ ಆರ್ಚ್‌ಬಿಷಪ್ಪನಾಗಿ ಆ ರಾಜ್ಯದ ಚರಿತ್ರೆಯನ್ನು ಬರೆದನಾದ್ದರಿಂದಲೇ ಈ ಸಂಗತಿಗಳು ನಮಗೆ ತಿಳಿದಿರುತ್ತವೆ.

ಹುಡುಗರು ಆಟದಲ್ಲಿ ಒಬ್ಬರ ತೋಳನ್ನೊಬ್ಬರು ಉಗುರಿನಿಂದ ಚಿವುಟುತ್ತಿದ್ದರು. ಮಿಕ್ಕವರು ನೋವಿನಿಂದ ಕೂಗಿಕೊಂಡರೂ ಬಾಲ್ಡ್ವಿನನು ಸುಮ್ಮನಿದ್ದನು. ಗುರುವು ಮೊದಲು ಇದನ್ನು ಧೈರ್ಯವೆಂದೆಣಿಸಿದನು. ಬಳಿಕ ಹತ್ತಿರ ಕರೆದು ಪರೀಕ್ಷಿಸಲಾಗಿ, ಬಲಗೈಯ ಅರ್ಧಭಾಗಕ್ಕೆ ಸ್ಪರ್ಶವೇ ಇಲ್ಲವೆಂದು ಕಂಡನು. ವೈದ್ಯರು ಶಾಖ ಕೊಟ್ಟರು, ಎಣ್ಣೆ ತಿಕ್ಕಿದರು, ವಿಷದ ಮದ್ದುಗಳನ್ನೂ ಪ್ರಯೋಗಿಸಿದರು. ಯಾವುದೂ ಫಲಿಸಲಿಲ್ಲ.

ಇಲ್ಲಿ ನಾವು ತುಸು ನಿಲ್ಲುವೆವು. ಯಾಜಕಕಾಂಡದ ಯಾಜಕನು ಚರ್ಮದ ಬಣ್ಣವನ್ನೂ ಕೂದಲನ್ನೂ ನೋಡುತ್ತಿದ್ದನು. ಸ್ಪರ್ಶದ ಮಾತು ಅಲ್ಲಿಲ್ಲ. ನಮ್ಮ ಊರುಗಳಲ್ಲಿ ತೊನ್ನನ್ನು ಕಂಡು ಹೆದರುವವರುಂಟು. ತೊನ್ನಿನ ಬಿಳುಪಿನಲ್ಲಿ ಸ್ಪರ್ಶವು ಉಳಿದಿರುತ್ತದೆ, ಅದು ಕುಷ್ಠವಲ್ಲ. ಮುಟ್ಟಿದರೆ ತಿಳಿಯದ ಮಚ್ಚೆಯನ್ನೇ ಈಗಿನ ವೈದ್ಯರೂ ಹುಡುಕುತ್ತಾರೆ. ದೇಹದ ರಸಗಳು ಕೆಟ್ಟು ಈ ರೋಗ ಬರುವುದೆಂದು ಆ ಕಾಲದ ವೈದ್ಯರು ಹೇಳುತ್ತಿದ್ದರು. ಪಾಪದ ಫಲವೆಂದು ಜನರು ಹೇಳುತ್ತಿದ್ದರು. ನಾರ್ವೆ ದೇಶದ ಹಾನ್ಸೆನ್ ಎಂಬ ವೈದ್ಯನು 1873ರಲ್ಲಿ ಇದಕ್ಕೆ ಕಾರಣವಾದ ಸೂಕ್ಷ್ಮ ಕ್ರಿಮಿಯನ್ನು ಕಂಡನು. ಈಗ ಹಲವು ಔಷಧಗಳನ್ನು ಕೂಡಿಸಿ 6 ಅಥವಾ 12 ತಿಂಗಳು ಕೊಡುವುದರಿಂದ ರೋಗವು ವಾಸಿಯಾಗುತ್ತದೆ. ಔಷಧ ಹಿಡಿದ ಸ್ವಲ್ಪ ಕಾಲದಲ್ಲೇ ಮತ್ತೊಬ್ಬರಿಗೆ ಹರಡುವುದು ನಿಲ್ಲುತ್ತದೆ. ಆದರೆ ಸತ್ತ ನರಗಳು ಸಾಮಾನ್ಯವಾಗಿ ತಿರುಗಿ ಜೀವಿಸುವುದಿಲ್ಲ.

ಆ ಬಾಲಕನಿಗೆ ಅಂಥ ಔಷಧವಿರಲಿಲ್ಲ. 1174ರಲ್ಲಿ ತಂದೆಯು ಸಾಯಲು, ಹದಿಮೂರು ವರುಷದ ಬಾಲ್ಡ್ವಿನನಿಗೆ ಪಟ್ಟವಾಯಿತು. ಕುಷ್ಠ ತಗಲಿದ ಯೋಧರು ಪಟ್ಟಣದ ಗೋಡೆಯ ಹೊರಗಿದ್ದ ಸಂತ ಲಾಜರನ ಮನೆಯನ್ನು ಸೇರುತ್ತಿದ್ದರು. ಅರಸನನ್ನಾದರೋ ಯಾರೂ ಹೊರಗಟ್ಟಲಿಲ್ಲ. 1177ರಲ್ಲಿ ಮಾಂಗಿಸಾರ್ ಎಂಬಲ್ಲಿ ಆತನ ಚಿಕ್ಕ ಸೈನ್ಯವು ಸಲಾದೀನನ ದೊಡ್ಡ ಸೈನ್ಯವನ್ನು ಸೋಲಿಸಿತು. ಆತನು ಮದುವೆಯಾಗಲಿಲ್ಲ. ಬರಬರುತ್ತಾ ಕಣ್ಣು ಕಾಣದಾಯಿತು, ಕೈಕಾಲುಗಳು ಕೆಲಸಕ್ಕೆ ಬಾರದಾದವು. ರಾಜ್ಯಭಾರವನ್ನು ಭಾವನಿಗೆ ವಹಿಸಿ, ಅವನ ನಡತೆಗೆ ಮೆಚ್ಚದೆ ಹಿಂದಕ್ಕೆ ತೆಗೆದುಕೊಂಡನು. 1183ರಲ್ಲಿ ಮೋವಾಬ್ ಸೀಮೆಯ ಕೆರಕ್ ಕೋಟೆಯನ್ನು ಶತ್ರುಗಳು ಮುತ್ತಲು, ಡೋಲಿಯಲ್ಲಿ ಮಲಗಿಕೊಂಡೇ ಸೈನ್ಯದೊಡನೆ ಹೊರಟನು. ಸಲಾದೀನನು ಮುತ್ತಿಗೆಯನ್ನು ಬಿಟ್ಟು ಹೋದನು.

1185ರಲ್ಲಿ, ಇಪ್ಪತ್ತನಾಲ್ಕು ವರುಷ ತುಂಬುವ ಮೊದಲೇ, ಬಾಲ್ಡ್ವಿನನು ತೀರಿಕೊಂಡನು. ಯೆರೂಸಲೇಮಿನ ಪವಿತ್ರ ಸಮಾಧಿಯ ದೇವಾಲಯದಲ್ಲಿ, ಹಿಂದಿನ ಅರಸರ ಬಳಿಯಲ್ಲಿ, ಆತನನ್ನು ಹೂಣಿಟ್ಟರು.