ಎಂಜಿನಿಯರ್ ಭಾಭಾ ಮತ್ತು ಸವಣೂರಿನ ಕಾಕಾ

ಹೋಮಿ ಜಹಾಂಗೀರ್ ಭಾಭಾ ಮೊದಲು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಬಿ.ಇ. ಓದುತ್ತಿರುವ ನನಗೆ ಇದು ಬಹಳ ಖುಷಿ ಕೊಟ್ಟ ವಿಷಯ. 1909ರಲ್ಲಿ ಮುಂಬೈನಲ್ಲಿ ಹುಟ್ಟಿದ ಅವರು ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆ ಸೇರಲಿ ಎಂಬುದು ಮನೆಯವರ ಆಸೆ. ಕೇಂಬ್ರಿಡ್ಜ್‌ಗೆ ಹೋದ ಮೇಲೆ ಮನಸ್ಸು ಭೌತವಿಜ್ಞಾನದತ್ತ ಹೊರಳಿತು. ಎಂಜಿನಿಯರಿಂಗ್ ಚೆನ್ನಾಗಿ ಮುಗಿಸಿದರೆ ಮುಂದೆ ಇಷ್ಟಬಂದದ್ದನ್ನು ಓದಬಹುದು ಎಂದು ತಂದೆ ಷರತ್ತು ಹಾಕಿದರು. 1930ರಲ್ಲಿ ಫಸ್ಟ್ ಕ್ಲಾಸ್ ಬಂತು, ತಂದೆಯೂ ಮಾತಿಗೆ ತಪ್ಪಲಿಲ್ಲ. (ನಮ್ಮ ಮನೆಗಳಲ್ಲಿ ಷರತ್ತಿನ ಮೊದಲರ್ಧ ಮಾತ್ರ ಇರುತ್ತದೆ!)

1939ರಲ್ಲಿ ರಜೆಗೆಂದು ಊರಿಗೆ ಬಂದಾಗ ಮಹಾಯುದ್ಧ ಶುರುವಾಯಿತು. ಭಾಭಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಿ.ವಿ. ರಾಮನ್ ಅವರ ವಿಭಾಗ ಸೇರಿದರು. ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಆರಂಭವಾದದ್ದೂ ಅಲ್ಲೇ. ಅದೇ ವರ್ಷ ಮುಂಬೈಗೆ ಹೋಯಿತು. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ 'ಅಪ್ಸರಾ' ರಿಯಾಕ್ಟರ್ ಚಾಲೂ ಆಯಿತು.

ರಿಯಾಕ್ಟರ್ ಅಂದರೆ ಕರೆಂಟು, ಇಲ್ಲವೇ ಬಾಂಬು ಎಂದೇ ನಾನೂ ತಿಳಿದಿದ್ದೆ. ಅಪ್ಸರಾದಲ್ಲಿ ಆಸ್ಪತ್ರೆಗಳಿಗೆ ಬೇಕಾದ ಐಸೊಟೋಪ್‌ಗಳೂ ತಯಾರಾಗುತ್ತಿದ್ದವು. 1963ರಲ್ಲಿ, ಭಾಭಾ ಇದ್ದಾಗಲೇ, ಮುಂಬೈನ ಪರೇಲ್‌ನಲ್ಲಿ ವಿಕಿರಣ ವೈದ್ಯಕೀಯ ಕೇಂದ್ರ ಶುರುವಾಯಿತು.

ಸವಣೂರಿನ ನಮ್ಮ ಕಾಕಾ ವೀಳ್ಯದೆಲೆ ವ್ಯಾಪಾರಿ. ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ಸಂತೆಗಳಿಗೆ ಎಲೆ ಕಳಿಸುತ್ತಾರೆ. ಎರಡು ವರ್ಷದ ಹಿಂದೆ ಅವರ ಕರುಳಿನಲ್ಲಿ ನ್ಯೂರೋಎಂಡೋಕ್ರೈನ್ ಎಂಬ ಬಗೆಯ ಗಡ್ಡೆ ಕಾಣಿಸಿತು. ಈ ಗಡ್ಡೆಯ ಜೀವಕೋಶಗಳ ಮೇಲೆ ಒಂದು ಬಗೆಯ ಗ್ರಾಹಕಗಳಿರುತ್ತವೆ. ಎಂಟು ಅಮೈನೊ ಆಮ್ಲಗಳ ಪುಟ್ಟ ಸರಪಳಿ, ಅಂದರೆ ಪೆಪ್ಟೈಡ್, ಅವನ್ನು ಹುಡುಕಿ ಅಂಟಿಕೊಳ್ಳುತ್ತದೆ. ಅದಕ್ಕೆ ಗ್ಯಾಲಿಯಂ-68 ಕಟ್ಟಿ ಕಳಿಸಿದರೆ ಪೆಟ್ ಸ್ಕ್ಯಾನಿನಲ್ಲಿ ಗಡ್ಡೆ ಹೊಳೆಯುತ್ತದೆ. ಲುಟೇಶಿಯಂ-177 ಕಟ್ಟಿದರೆ ಅದರ ಬೀಟಾ ಕಿರಣ ಗಡ್ಡೆಯನ್ನು ಒಳಗಿನಿಂದಲೇ ಸುಡುತ್ತದೆ. ಆ ಕಿರಣ ಹೋಗುವುದು ಒಂದೆರಡು ಮಿಲಿಮೀಟರ್ ಅಷ್ಟೇ, ಹಾಗಾಗಿ ಪಕ್ಕದ ಅಂಗಗಳಿಗೆ ಹಾನಿ ಕಡಿಮೆ.

ಆದರೆ ಲುಟೇಶಿಯಂ 6.65 ದಿನಕ್ಕೆ ಅರ್ಧವಾಗುತ್ತದೆ, ಇನ್ನೊಂದು 6.65 ದಿನಕ್ಕೆ ಕಾಲು ಭಾಗ. ನಾನಿದನ್ನು ವಿವರಿಸಿದಾಗ ಕಾಕಾಗೆ ತಕ್ಷಣ ತಿಳಿಯಿತು: ಎಲೆಯ ಹಾಗೆ ಇದನ್ನೂ ಗೋದಾಮಿನಲ್ಲಿಟ್ಟು ಮಾರಲಾಗದು. ದೂರದ ದೇಶದಿಂದ ತರಿಸಿದರೆ ದಾರಿಯಲ್ಲೇ ಸೊರಗುತ್ತದೆ, ಬೆಲೆಯೂ ಏರುತ್ತದೆ. ಟ್ರಾಂಬೆಯ 'ಧ್ರುವ' ರಿಯಾಕ್ಟರ್‌ನಲ್ಲಿ ಅದು ತಯಾರಾಗುತ್ತದೆ ಎಂಬುದು ನಮ್ಮಂಥ ಮನೆಗಳಿಗೆ ಸಣ್ಣ ಸಂಗತಿಯಲ್ಲ. ನಾಲ್ಕು ಡೋಸ್‌ಗಳಲ್ಲಿ ಕಾಕಾಗೆ ಎರಡು ಮುಗಿದಿವೆ. ಗಡ್ಡೆ ಕುಗ್ಗಿದೆ, ಹೋಗಿಲ್ಲ.

ಭಾಭಾ ಇದ್ಯಾವುದನ್ನೂ ನೋಡಲಿಲ್ಲ. 1966ರ ಜನವರಿ 24ರಂದು ಅವರಿದ್ದ ವಿಮಾನ ಆಲ್ಪ್ಸ್‌ನ ಮಾಂಟ್ ಬ್ಲಾಂಕ್‌ಗೆ ಅಪ್ಪಳಿಸಿತು. ಆಗ ಅವರಿಗೆ 56 ವರ್ಷ. ಮರುವರ್ಷ ಟ್ರಾಂಬೆಯ ಕೇಂದ್ರಕ್ಕೆ ಅವರ ಹೆಸರಿಟ್ಟರು. 'ಧ್ರುವ' ಶುರುವಾದದ್ದು 1985ರಲ್ಲಿ.