ಜಾನ್ ರಸ್ಕಿನ್ನನ ವೆನಿಸ್

ಹುಟ್ಟಿ ಬೆಳೆದ ಊರಿನ ಮೇಲೆ ಮಮತೆಯಿರುವುದು ಸಹಜ. ಆದರೆ ತನ್ನದಲ್ಲದ ನಾಡಿನ, ಮನೆಯಿಂದ ಬಹುದೂರದ ಊರೊಂದನ್ನು ತನ್ನದೆಂದೇ ಬಗೆದು, ಅದರ ಒಂದೊಂದು ಕಲ್ಲಿಗೂ ಮರುಗಿದವರು ವಿರಳ. ಅಂಥ ವಿರಳರಲ್ಲಿ ಇಂಗ್ಲೆಂಡಿನ ಜಾನ್ ರಸ್ಕಿನ್ ಒಬ್ಬ. ಆತ ಒಲಿದ ಊರು ಇಟಲಿಯ ವೆನಿಸ್.

ರಸ್ಕಿನ್ನನು ಜನಿಸಿದುದು ೧೮೧೯ನೆಯ ಫೆಬ್ರವರಿ ೮ರಂದು, ಲಂಡನ್ನಿನಲ್ಲಿ. ತಂದೆ ಜಾನ್ ಜೇಮ್ಸ್ ದ್ರಾಕ್ಷಾಮದ್ಯದ ಸಿರಿವಂತ ವರ್ತಕ. ತಾಯಿ ಮಾರ್ಗರೆಟ್ ಕಟ್ಟುನಿಟ್ಟಿನ ದೈವಭಕ್ತೆ. ಆಕೆ ಒಬ್ಬನೇ ಮಗನಿಗೆ ದಿನವೂ ಬೈಬಲ್ಲನ್ನು ಓದಿಸುತ್ತಿದ್ದಳು. ತಂದೆ ಮಗನನ್ನು ಪ್ರವಾಸಗಳಿಗೆ ಕರೆದೊಯ್ಯುತ್ತಿದ್ದನು. ಕಂಡುದನ್ನು ಒಡನೆಯೇ ರೇಖೆಗಳಲ್ಲಿ ಹಿಡಿದಿಡುವ ಅಭ್ಯಾಸ ಬಾಲಕನಿಗೆ ಎಳವೆಯಲ್ಲಿಯೇ ಅಂಟಿತು. ೧೮೩೫ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಆತ ತಂದೆತಾಯಿಗಳೊಡನೆ ವೆನಿಸ್ ನಗರವನ್ನು ಮೊದಲ ಬಾರಿಗೆ ನೋಡಿದನು. ೧೮೪೧ರಲ್ಲಿ ಮತ್ತೆ ಬಂದನು.

ವೆನಿಸ್ ನೀರಿನ ಮೇಲಣ ನಗರ. ಕಡಲ ಹಿನ್ನೀರಿನ ಪುಟ್ಟ ದ್ವೀಪಗಳ ಮೇಲೆ ಮರದ ಗೂಟಗಳನ್ನು ನೆಟ್ಟು ಕಟ್ಟಿದ ಊರು ಅದು. ಅಲ್ಲಿ ಕಾಲುವೆಗಳೇ ಬೀದಿಗಳು, ದೋಣಿಗಳೇ ಬಂಡಿಗಳು. ಬಂಗಾರದ ಬಣ್ಣದ ಕುಸುರಿಚಿತ್ರಗಳಿಂದ ಬೆಳಗುವ ಸಂತ ಮಾರ್ಕನ ದೇವಾಲಯ, ಅದರ ಪಕ್ಕದಲ್ಲಿ ಡೋಜ್ ಎಂಬ ಅಧಿಪತಿಯ ಅರಮನೆ ಅದರ ಎರಡು ಕಣ್ಣುಗಳಂತಿವೆ. ಸಾವಿರ ವರ್ಷಗಳಷ್ಟು ಬಾಳಿದ ಆ ಗಣರಾಜ್ಯವು ೧೭೯೭ರಲ್ಲಿ ನೆಪೋಲಿಯನ್ನನಿಂದ ಅಳಿಯಿತು. ರಸ್ಕಿನ್ನನ ಕಾಲಕ್ಕೆ ನಗರವು ಆಸ್ಟ್ರಿಯದ ಆಳ್ವಿಕೆಯಲ್ಲಿದ್ದಿತು. ಅದರ ಸಿರಿ ಕರಗಿಹೋಗಿ ಅರಮನೆಗಳು ಶಿಥಿಲವಾಗುತ್ತಿದ್ದವು.

೧೮೪೫ರಲ್ಲಿ ರಸ್ಕಿನ್ನನು ತಂದೆತಾಯಿಗಳನ್ನು ಬಿಟ್ಟು ಬಂದಾಗ ಆತನ ಎದೆ ಒಡೆಯುವಂತಾಯಿತು. ನಗರವನ್ನು ನೆಲಕ್ಕೆ ಜೋಡಿಸುವ ರೈಲು ಸೇತುವೆ ಏಳುತ್ತಿದ್ದಿತು. ಅದಕ್ಕಿಂತ ಹೆಚ್ಚಾಗಿ ಆತನನ್ನು ನೋಯಿಸಿದುದು ಜೀರ್ಣೋದ್ಧಾರದ ಹೆಸರಿನಲ್ಲಿ ನಡೆದಿದ್ದ ಕೆಲಸ. ಶತಮಾನಗಳ ಬಿಸಿಲುಮಳೆಗಳಿಂದ ಹದಗೊಂಡ ಅಮೃತಶಿಲೆಯನ್ನು ಹೆರೆದು ಬಿಳುಪುಮಾಡುತ್ತಿದ್ದರು. ಹಳೆಯ ಕೆತ್ತನೆಯನ್ನು ಕಿತ್ತು ಹೊಸದನ್ನು ಕೂರಿಸುತ್ತಿದ್ದರು. ಆತ ಒಂದು ಕಟ್ಟಡದ ಚಿತ್ರವನ್ನು ಬರೆದು ಮುಗಿಸುವಷ್ಟರಲ್ಲಿ ಮತ್ತೊಂದರ ಮೇಲೆ ಉಳಿ ಬೀಳುತ್ತಿದ್ದಿತು. ಲೇಖನಿಯ ವೇಗ ಸಾಲದಾಗಿತ್ತು.

ಆಗ ಆತನಿಗೆ ಒದಗಿಬಂದುದು ಫೋಟೋ ತೆಗೆಯುವ ಹೊಸ ವಿದ್ಯೆ. ೧೮೩೯ರಲ್ಲಿ ಫ್ರಾನ್ಸಿನ ಡಾಗೆರ್ ಎಂಬವನು ಅದನ್ನು ಲೋಕಕ್ಕೆ ತೋರಿಸಿದ್ದನು. ಬೆಳ್ಳಿಯ ಲೇಪವಿರುವ ತಾಮ್ರದ ತಗಡನ್ನು ಕನ್ನಡಿಯಂತೆ ಉಜ್ಜಿ, ಅಯೊಡಿನ್ನಿನ ಆವಿಗೆ ಹಿಡಿದು, ಕತ್ತಲುಪೆಟ್ಟಿಗೆಯಲ್ಲಿಟ್ಟು ಬೆಳಕಿಗೆ ಒಡ್ಡಬೇಕು. ಬಳಿಕ ಪಾದರಸದ ಆವಿಗೆ ಹಿಡಿದರೆ ಚಿತ್ರ ಮೂಡುತ್ತದೆ. ಒಂದು ತಗಡಿಗೆ ಒಂದೇ ಚಿತ್ರ, ಅದಕ್ಕೆ ಪ್ರತಿಯಿಲ್ಲ. ವೆನಿಸ್ಸಿನಲ್ಲಿ ಬಡ ಫ್ರೆಂಚನೊಬ್ಬನು ತೆಗೆದಿದ್ದ ಇಂಥ ತಗಡುಗಳನ್ನು ಕೊಂಡು ನೋಡಿದಾಗ ರಸ್ಕಿನ್ನನಿಗೆ ನಿಧಿ ಸಿಕ್ಕಂತಾಯಿತು. ಗೋಡೆಯ ಬಿರುಕು, ಕಲ್ಲಿನ ಕಲೆ, ಯಾವುದೂ ಅವುಗಳಲ್ಲಿ ತಪ್ಪಿಹೋಗಿರಲಿಲ್ಲ.

೧೮೪೮ರಲ್ಲಿ ವೆನಿಸ್ ಆಸ್ಟ್ರಿಯದ ವಿರುದ್ಧ ದಂಗೆಯೆದ್ದಿತು. ದೀರ್ಘ ಮುತ್ತಿಗೆಯ ಬಳಿಕ ೧೮೪೯ರ ಆಗಸ್ಟಿನಲ್ಲಿ ಸೋತು ಶರಣಾಯಿತು. ಅದೇ ನವೆಂಬರಿನಲ್ಲಿ ರಸ್ಕಿನ್ನನು ಪತ್ನಿಯೊಡನೆ ಅಲ್ಲಿಗೆ ಬಂದಿಳಿದನು. ಆ ಚಳಿಗಾಲವನ್ನೂ, ಮತ್ತೆ ೧೮೫೧–೫೨ರ ಹಲವು ತಿಂಗಳುಗಳನ್ನೂ ಅಲ್ಲಿಯೇ ಕಳೆದನು. ಅಳತೆಪಟ್ಟಿ ಹಿಡಿದು, ಏಣಿಯೇರಿ, ಧೂಳಿನಲ್ಲಿ ತೆವಳಿ ಕಮಾನುಗಳನ್ನೂ ಕಂಬಗಳನ್ನೂ ಅಳೆದನು. ಸೇವಕ ಜಾನ್ ಹಾಬ್ಸ್ ಆತನ ಸೂಚನೆಯಂತೆ ಕ್ಯಾಮೆರಾ ನಿಲ್ಲಿಸಿ ತಗಡುಗಳ ಮೇಲೆ ಚಿತ್ರ ತೆಗೆಯುತ್ತಿದ್ದನು. ಈ ದುಡಿಮೆಯ ಫಲವೇ ೧೮೫೧ರಿಂದ ೧೮೫೩ರವರೆಗೆ ಮೂರು ಸಂಪುಟಗಳಲ್ಲಿ ಹೊರಬಂದ 'ವೆನಿಸ್ಸಿನ ಕಲ್ಲುಗಳು' ಎಂಬ ಮಹಾಗ್ರಂಥ. ಅದರಲ್ಲಿ ಆತ ಡೋಜನ ಅರಮನೆಯ ಕೆಳಸಾಲಿನ ಮೂವತ್ತಾರು ಕಂಬಗಳ ಬೋದಿಗೆಗಳನ್ನು ಒಂದೊಂದಾಗಿ ವಿವರಿಸಿದ್ದಾನೆ.

ಕಲ್ಲನ್ನು ನೋಡುತ್ತ ನೋಡುತ್ತ ರಸ್ಕಿನ್ನನು ಅದನ್ನು ಕೆತ್ತಿದ ಮನುಷ್ಯನನ್ನು ಕಂಡನು. ಹಳೆಯ ಕೆತ್ತನೆಗಳಲ್ಲಿ ಅಳತೆ ಸ್ವಲ್ಪ ಹೆಚ್ಚುಕಡಮೆಯಾಗಿರುತ್ತಿತ್ತು. ಅದು ದೋಷವಲ್ಲ, ಸ್ವತಂತ್ರವಾಗಿ, ಸಂತೋಷದಿಂದ ದುಡಿದ ಶಿಲ್ಪಿಯ ಗುರುತು ಎಂದು ಆತ ತಿಳಿದನು. ಮನುಷ್ಯನನ್ನು ಯಂತ್ರದಂತೆ ದುಡಿಸುವ ತನ್ನ ಕಾಲದ ಕಾರ್ಖಾನೆಗಳು ಆತನಿಗೆ ಸಹಿಸದಾದವು. ಈ ಚಿಂತನೆಯೇ ಮುಂದುವರಿದು ೧೮೬೦ರಲ್ಲಿ ಆರ್ಥಿಕ ನೀತಿಯನ್ನು ಕುರಿತ ನಾಲ್ಕು ಪ್ರಬಂಧಗಳಾಯಿತು. ೧೮೬೨ರಲ್ಲಿ 'ಅನ್‌ಟು ದಿಸ್ ಲಾಸ್ಟ್' ಎಂಬ ಪುಸ್ತಕವಾಯಿತು. ೧೯೦೪ರಲ್ಲಿ ದಕ್ಷಿಣ ಆಫ್ರಿಕದ ರೈಲುಪ್ರಯಾಣದಲ್ಲಿ ಅದನ್ನು ಓದಿದ ಗಾಂಧೀಜಿಯವರು ತಮ್ಮ ಬಾಳಿನ ದಾರಿಯನ್ನೇ ಬದಲಿಸಿಕೊಂಡು ಫೀನಿಕ್ಸ್ ಆಶ್ರಮವನ್ನು ಸ್ಥಾಪಿಸಿದರು. ಅದರ ಸಾರವನ್ನು ಗುಜರಾತಿಯಲ್ಲಿ ಬರೆದು 'ಸರ್ವೋದಯ' ಎಂದು ಹೆಸರಿಟ್ಟರು.

ವೆನಿಸ್ಸಿನ ನಂಟು ಮಾತ್ರ ಕಡಿಯಲಿಲ್ಲ. ೧೮೭೬ರಲ್ಲಿ ಮತ್ತೆ ಬಂದಾಗ ಸಂತ ಮಾರ್ಕನ ದೇವಾಲಯವೇ ಉದ್ಧಾರಕರ ಕೈಗೆ ಸಿಕ್ಕಿದ್ದಿತು. ಅದನ್ನು ಪ್ರತಿಭಟಿಸಿದ ವೆನಿಸ್ಸಿನ ಜೋರ್ಜಿ ಎಂಬವನ ಹೊತ್ತಗೆಗೆ ರಸ್ಕಿನ್ನನು ಮುನ್ನುಡಿ ಬರೆದುಕೊಟ್ಟನು. ದೇವಾಲಯದ ಪಶ್ಚಿಮ ಮುಖವನ್ನು ಇದ್ದಂತೆಯೇ ಚಿತ್ರಿಸಲು ಬನ್ನಿ ಎಂಬ ಕಲಾವಿದನನ್ನು ನೇಮಿಸಿದನು. ಆತ ವರ್ಷಗಟ್ಟಲೆ ಬೆಳಗಿನ ಬೆಳಕಿನಲ್ಲಿ ಕುಳಿತು ಅದನ್ನು ಬರೆದನು. ೧೮೭೯ರಲ್ಲಿ ಇಂಗ್ಲೆಂಡಿನಲ್ಲಿಯೂ ವಿರೋಧ ಬಲಿಯಿತು. ಪಶ್ಚಿಮ ಮುಖವನ್ನು ಹೊಸದುಮಾಡುವ ಯೋಜನೆ ನಿಂತುಹೋಯಿತು.

ವಯಸ್ಸಾದಂತೆ ರಸ್ಕಿನ್ನನಿಗೆ ಫೋಟೋದ ಮಿತಿಯೂ ತಿಳಿಯಿತು. ಅದು ಒಳ್ಳೆಯ ಸಾಕ್ಷಿಯೇ ಹೊರತು ಕಲೆಯಲ್ಲ. ಕಣ್ಣಿಗೆ ನೋಡುವುದನ್ನು ಕಲಿಸುವುದು ಬರೆಯುವ ಕೈಯೇ ಎಂಬುದು ಆತನ ನಿಲುವು. ಕೊನೆಯ ವರ್ಷಗಳು ಮನೋವ್ಯಾಧಿಯ ಕತ್ತಲಲ್ಲಿ ಕಳೆದವು. ೧೮೮೮ರಲ್ಲಿ ವೆನಿಸ್ಸನ್ನು ಕಡೆಯ ಸಲ ನೋಡಿದ ಆತ ೧೯೦೦ನೆಯ ಜನವರಿ ೨೦ರಂದು, ಕಾನಿಸ್ಟನ್ ಸರೋವರದ ದಡದ ತನ್ನ ಮನೆಯಲ್ಲಿ ತೀರಿಕೊಂಡನು.

೨೦೦೬ರಲ್ಲಿ ಇಂಗ್ಲೆಂಡಿನ ಹಳ್ಳಿಗಾಡಿನ ಹರಾಜೊಂದರಲ್ಲಿ ಮರದ ಪೆಟ್ಟಿಗೆಯೊಂದು ಮಾರಾಟಕ್ಕೆ ಬಂದಿತು. ಅದರಲ್ಲಿದ್ದುವು ೧೮೮ ಬೆಳ್ಳಿಯ ತಗಡುಗಳು. ರಸ್ಕಿನ್ನನ ಸಂಗ್ರಹದಿಂದ ಚದುರಿಹೋಗಿದ್ದ ಚಿತ್ರಗಳು ಅವು. ಮುಂದೆ ಬದಲಾಗಿಹೋದ ಎಷ್ಟೋ ಗೋಡೆಗಳೂ ಕಮಾನುಗಳೂ ಆ ತಗಡುಗಳಲ್ಲಿ ಹಾಗೆಯೇ ಉಳಿದಿವೆ. ಪ್ರಾಚೀನ ಕಟ್ಟಡಗಳು ನಮ್ಮ ಸ್ವತ್ತಲ್ಲ. ಕಟ್ಟಿದವರಿಗೂ ಮುಂದೆ ಹುಟ್ಟುವವರಿಗೂ ಸೇರಿದವು ಎಂಬುದು ರಸ್ಕಿನ್ನನ ದೃಢ ನಂಬಿಕೆ. ಅದನ್ನು ಆತ ಬರಿಯ ಮಾತಿನಲ್ಲಿ ಹೇಳಲಿಲ್ಲ. ಪರನಾಡಿನ ಊರೊಂದಕ್ಕೆ ಅರ್ಧ ಶತಮಾನ ನಡೆದುಕೊಂಡು ತೋರಿಸಿದನು.